ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ

ಸೈನ್ಸ್ ಫಿಕ್ಷನ್ ಧಾರಾವಾಹಿಗಳ ಹುಚ್ಚಿರುವ ನಾಲ್ಕು ಜನ ಒಂದೆಡೆ ಕೂತರೆ ಐದನೇ ನಿಮಿಷಕ್ಕೆ ಎರಡು ಪಕ್ಷವಾಗಿರುತ್ತದೆ. ಬ್ರಿಟಿಷರದು ತಲೆ, ಅಮೆರಿಕದವರದು ಬರೀ ದುಡ್ಡು ಎಂದು ಒಂದು ಪಕ್ಷ. ಬ್ರಿಟಿಷರದು ಅಲುಗಾಡುವ ರಟ್ಟಿನ ಗೋಡೆ, ಅಮೆರಿಕದವರದು ಅಚ್ಚುಕಟ್ಟಾದ ಕಸುಬು ಎಂದು ಇನ್ನೊಂದು. ಒಬ್ಬರು, ಕಾಲದಲ್ಲಿ ಅಲೆಯುವ ‘ಡಾಕ್ಟರ್’ ಎಂಬುವನ ಕಥೆಯಾದ ಬ್ರಿಟನ್ನಿನ ‘ಡಾಕ್ಟರ್ ಹೂ’ ಅನ್ನುತ್ತಾರೆ, ಇನ್ನೊಬ್ಬರು, ಬಾಹ್ಯಾಕಾಶದ ಹಡಗಿನ ಕಥೆಯಾದ ಅಮೆರಿಕದ ‘ಸ್ಟಾರ್ ಟ್ರೆಕ್’ ಅನ್ನುತ್ತಾರೆ. ಅಲ್ಲಿಂದ ಮುಂದೆ ಎತ್ತು ಏರಿಗೆ, ಕೋಣ ನೀರಿಗೆ. ಬೆಣ್ಣೆ ದೋಸೆ ಮೇಲೋ ಸೆಟ್ ದೋಸೆ ಮೇಲೋ ಎಂದು ಹಿಟ್ಟು, ಚಟ್ನಿ, ಪಲ್ಯಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಕಾವಲಿಯ ಕಡೆ ಒಬ್ಬರೂ ತಿರುಗಿ ನೋಡದಿದ್ದರೆ ಹೇಗಿರುತ್ತದೋ ಹಾಗಿರುತ್ತದೆ ಈ ವಾದ. ಇಲ್ಲಿ ಕಾವಲಿ ಎಂದರೆ ಟೇಪು, ಗಡಿಯಾರ ಮತ್ತು ಕರಾರು ಪತ್ರ. ಗುಣಮಟ್ಟ ಎಂದು ಎರಡೂ ಪಕ್ಷದವರು ಬೆರಳು ಮಾಡಿ ತೋರಿಸುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಬೆಂದದ್ದು.

ಮೊದಲು ಟೇಪು. 1970ರ ದಶಕದ ‘ಡಾಕ್ಟರ್ ಹೂ’ನ ಯಾವುದಾದರೂ ಕಂತು ಹಾಕಿ, ಯಾರಾದರೂ ಬಾಗಿಲು ತೆರೆದು ಹೊರಗೆ ಹೋಗುವ ತನಕ ಕಾಯಿರಿ. ಒಳಗಿದ್ದಷ್ಟು ಹೊತ್ತು ಚಿತ್ರ ನುಣುಪಾಗಿರುತ್ತದೆ, ಕೈಕಾಲು ಆಡಿಸಿದ್ದು ಎದುರಿಗೇ ಆಡಿಸಿದಂತಿರುತ್ತದೆ, ಬೆಳಕು ಕಲ್ಯಾಣಮಂಟಪದ್ದು. ಹೊಸ್ತಿಲು ದಾಟಿದ ಕ್ಷಣಕ್ಕೆ ಚಿತ್ರ ಕಾಳುಕಾಳಾಗುತ್ತದೆ, ಬಣ್ಣ ಒಂದಿಷ್ಟು ಮಂಕಾಗುತ್ತದೆ, ಅದೇ ಮನುಷ್ಯನ ಅದೇ ನಡಿಗೆ ಸಿನಿಮಾದ ನಡಿಗೆಯಾಗುತ್ತದೆ. ಕಾರಣ ಸರಳ. ಸ್ಟುಡಿಯೊದೊಳಗೆ ಎಲೆಕ್ಟ್ರಾನಿಕ್ ಕ್ಯಾಮೆರಾ ಮತ್ತು ವಿಡಿಯೊ ಟೇಪು: ಸೆಕೆಂಡಿಗೆ 50 ಫೀಲ್ಡು, ಅಂದರೆ ಚಲನೆಯ 50 ತುಣುಕು. ಆ ಕ್ಯಾಮೆರಾಗಳನ್ನು ಹೊರಗೆ ಹೊತ್ತೊಯ್ಯುವುದು ರಗಳೆಯಾದ್ದರಿಂದ ಹೊರಾಂಗಣಕ್ಕೆ 16 ಎಂಎಂ ಫಿಲಂ: ಸೆಕೆಂಡಿಗೆ 25 ಚೌಕಟ್ಟು. ಕನ್ನಡದ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಮೋಟು ಒತ್ತುತ್ತಾ ಹೋಗುವಾಗ ಯಾವುದು ಸಂಜೆಯ ಧಾರಾವಾಹಿ, ಯಾವುದು ಹಳೆಯ ಸಿನಿಮಾ ಎಂದು ಅರೆ ಸೆಕೆಂಡಿನಲ್ಲಿ, ಕಲಾವಿದರ ಮುಖ ನೋಡುವ ಮೊದಲೇ ಗೊತ್ತಾಗಿಬಿಡುತ್ತಿತ್ತಲ್ಲ, ಅದೇ ಇದು. ನಮ್ಮ ದೂರದರ್ಶನ ಹಿಡಿದದ್ದೂ ಬ್ರಿಟನ್ನಿನ ಲೆಕ್ಕವನ್ನೇ: 625 ಗೆರೆ, 50 ಫೀಲ್ಡು.

ಅಮೆರಿಕದಲ್ಲಿ, ಹಾಲಿವುಡ್ಡಿನ ನೆರಳಲ್ಲಿ, ರಾತ್ರಿಯ ಒಂದು ಗಂಟೆಯ ಧಾರಾವಾಹಿ ಎಂದರೆ 35 ಎಂಎಂ ಫಿಲಂ, ಸೆಕೆಂಡಿಗೆ 24 ಚೌಕಟ್ಟು. ಒಂದೇ ಕ್ಯಾಮೆರಾ. ಪ್ರತಿ ಶಾಟಿಗೂ ಲೈಟು ಹೊಸದಾಗಿ ಹೊಂದಿಸಬೇಕು. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನ 50 ನಿಮಿಷದ ಕಂತಿಗೆ ಚಿತ್ರೀಕರಣಕ್ಕೇ ಆರು ದಿನ ಇಟ್ಟಿದ್ದರು. ಬಿಬಿಸಿಯಲ್ಲಿ ಕೆಲಸ ನಡೆಯುತ್ತಿದ್ದದ್ದು ನಾಟಕದ ರೀತಿಯಲ್ಲಿ. ವಾರವೆಲ್ಲ ಯಾವುದೋ ಸಭಾಂಗಣದಲ್ಲಿ ತಾಲೀಮು, ಕೊನೆಗೆ ಒಂದು ದಿನ ಸ್ಟುಡಿಯೊ. ನಾಲ್ಕೈದು ಕ್ಯಾಮೆರಾ ಒಟ್ಟಿಗೆ ತಿರುಗುತ್ತವೆ, ಮೇಲಿನ ಕೋಣೆಯಲ್ಲಿ ಕೂತವರು ಗುಂಡಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರುತ್ತಾರೆ, ಕಂತು ಹೆಚ್ಚುಕಡಿಮೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಮುಗಿಯುತ್ತದೆ. ನಾಲ್ಕು ದಿಕ್ಕಿನ ಕ್ಯಾಮೆರಾಕ್ಕೂ ಒಂದೇ ಲೈಟು ಸಾಕಾಗಬೇಕಾದರೆ ಅದನ್ನು ಮೇಲಿನಿಂದ ಸಮನಾಗಿ ಸುರಿಯಬೇಕು. ಮೂಲೆಯಲ್ಲಿ ಕತ್ತಲೆ ಇಡುವಂತಿಲ್ಲ. ಕತ್ತಲೆ ಇಲ್ಲದಿದ್ದರೆ ರಾಕ್ಷಸನ ಬೆನ್ನ ಮೇಲಿನ ಜಿಪ್ಪು ಕಾಣುತ್ತದೆ. ರಾಕ್ಷಸನನ್ನು ಹೊಲಿದವನ ತಪ್ಪು ಇದರಲ್ಲಿ ಕಡಿಮೆ.

ಟೇಪನ್ನು ಕತ್ತರಿಸಿ ಅಂಟಿಸುವುದು ಆಗ ದುಬಾರಿಯ ಕೆಲಸ, ಆದ್ದರಿಂದ ಮಧ್ಯೆ ನಿಲ್ಲಿಸುವುದಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ ಅವಕಾಶ. ‘ಡಾಕ್ಟರ್ ಹೂ’ನಲ್ಲಿ ಡಾಕ್ಟರನ ಪಾತ್ರವನ್ನು ಮೊದಲು ಮಾಡಿದ ವಿಲಿಯಂ ಹಾರ್ಟ್‌ನೆಲ್ ಒಂದು ಕಡೆ ವಿಕಿರಣಕ್ಕೆ ‘ಔಷಧಿ’ ಎನ್ನಬೇಕಾದಲ್ಲಿ ‘ಕೈಗವಸು’ ಎಂದು ತೊದಲಿ ತಿದ್ದಿಕೊಳ್ಳುತ್ತಾರೆ. ಅದು ಹಾಗೇ ಪ್ರಸಾರವಾಯಿತು, ಇಂದಿಗೂ ಹಾಗೇ ಇದೆ. ಆಮೇಲಿನ ವರ್ಷಗಳಲ್ಲಿ ಗಡಿಯಾರದ ಕಾಟ ಬೇರೆ. ರಾತ್ರಿ ಹತ್ತಕ್ಕೆ ಸ್ಟುಡಿಯೊ ಲೈಟು ಆರಬೇಕು, ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದವೇ ಹಾಗೆ. ಒಂಬತ್ತೂಮುಕ್ಕಾಲಿಗೆ ಇನ್ನೂ ಎರಡು ದೃಶ್ಯ ಉಳಿದಿದ್ದರೆ ಎರಡನ್ನೂ ಒಂದೊಂದೇ ಸಲ ತೆಗೆದು ಮುಗಿಸುವುದು. ಹಳೆಯ ಕಂತುಗಳಲ್ಲಿ ಕೆಲವು ಮಹಾಯುದ್ಧಗಳು ಏನೋ ಅವಸರದಲ್ಲಿ ಮುಗಿದಂತೆ ಕಾಣುವುದಕ್ಕೆ ಬಾಹ್ಯಾಕಾಶ ತಂತ್ರಕ್ಕಿಂತ ಈ ಹತ್ತು ಗಂಟೆಯೇ ದೊಡ್ಡ ಕಾರಣ. ಗೋಡೆಗಳ ವಿಷಯವೂ ಅಷ್ಟೇ: ಮರದ ಚೌಕಟ್ಟಿಗೆ ಬಡಿದ ಹಲಗೆಗಳು, ಹಿಂದಿನ ರಾತ್ರಿ ನಿಲ್ಲಿಸಿದ್ದು, ಮಾರನೇ ದಿನ ಬೇರೆ ಕಾರ್ಯಕ್ರಮಕ್ಕಾಗಿ ಕಿತ್ತು ಒಯ್ಯಬೇಕಾದದ್ದು. ‘ಸ್ಟಾರ್ ಟ್ರೆಕ್’ನ ಹಡಗಿನ ಚಾಲನಾ ಕೊಠಡಿ ಮೂರು ವರ್ಷ ಒಂದೇ ಕಡೆ ನಿಂತಿತ್ತು. ಖಾಯಂ ಮನೆ ಕಟ್ಟಿದವನು ಪೆಂಡಾಲು ಹಾಕಿದವನ ಕಂಬ ಅಲುಗುತ್ತದೆ ಎಂದು ನಗುವುದು ನ್ಯಾಯವಲ್ಲ. ಅದೂ ಅಲ್ಲದೆ, ಗೋಡೆ ಅಲುಗುವುದು ಬಾಯಿಮಾತಿನಲ್ಲಿ ಕೇಳಿಬರುವಷ್ಟು ಸಲ ಪರದೆಯ ಮೇಲೆ ಅಲುಗುವುದಿಲ್ಲ.

ಇದನ್ನೆಲ್ಲ ಬರೀ ಊಹೆ ಎನ್ನುವವರ ಮುಂದೆ ಎರಡು ಸಾಕ್ಷಿ ತಂದು ನಿಲ್ಲಿಸಬಹುದು. ಮೊದಲನೆಯದು ಅಮೆರಿಕದ್ದು. 1959ರಲ್ಲಿ ಶುರುವಾದ ‘ದಿ ಟ್ವೈಲೈಟ್ ಜೋನ್’ ಒಟ್ಟು 156 ಕಂತು, ಫಿಲಂ ಕೆಲಸಕ್ಕೆ ಹೆಸರಾದದ್ದು. ಅದರ ಎರಡನೇ ಸೀಸನ್ನಿನಲ್ಲಿ ಖರ್ಚು ಉಳಿಸಲು ಆರು ಕಂತುಗಳನ್ನು ವಿಡಿಯೊ ಟೇಪಿನಲ್ಲಿ, ಸ್ಟುಡಿಯೊದೊಳಗೆ, ಹಲವು ಕ್ಯಾಮೆರಾ ಇಟ್ಟು ಮಾಡಿದರು. ಮುಖ್ಯ ಬರಹಗಾರ ಅದೇ ರಾಡ್ ಸರ್ಲಿಂಗ್, ದೇಶ ಅದೇ, ಚಾನೆಲ್ ಅದೇ. ನೋಡಿದರೆ ಥೇಟ್ ಬಿಬಿಸಿ! ಆರರಲ್ಲಿ ಒಂದು ಕಥೆ ಹಳೇ ಕಾರು ಮಾರುವವನದ್ದು, ಬಯಲಿನಲ್ಲಿ ಸಾಲಾಗಿ ಕಾರು ನಿಂತಿರಬೇಕು. ಕ್ಯಾಮೆರಾ ಹೊರಗೆ ಬರಲಾಗದ್ದರಿಂದ ಬಯಲನ್ನೇ ಒಳಗೆ ತಂದರು. ಸೂರ್ಯ ಇಲ್ಲದ ಆ ಮಧ್ಯಾಹ್ನದಲ್ಲಿ ಮಾತು ಪ್ರತಿಧ್ವನಿಸುತ್ತದೆ, ಆಕಾಶಕ್ಕೆ ಒಂದು ಸೂರು ಇದ್ದಂತೆ ಅನಿಸುತ್ತದೆ. ಉಳಿತಾಯವಾದ ದುಡ್ಡು ಈ ಕಷ್ಟಕ್ಕೆ ಸಾಲದು ಎಂದು ಆರಕ್ಕೇ ನಿಲ್ಲಿಸಿದರು.

ಎರಡನೆಯದು ಬ್ರಿಟನ್ನಿನದು, ಇನ್ನೂ ಸೊಗಸಾದದ್ದು. 1970ರ ಜನವರಿಯಲ್ಲಿ ‘ಡಾಕ್ಟರ್ ಹೂ’ ಮೊದಲ ಸಲ ಬಣ್ಣದಲ್ಲಿ ಬಂತು, ಹೊಸ ನಾಯಕ ಜಾನ್ ಪರ್ಟ್ವಿ. ಆ ಹೊತ್ತಿಗೆ ಸ್ಟುಡಿಯೊ ಸಿಬ್ಬಂದಿಯ ಮುಷ್ಕರ. ಬೇರೆ ದಾರಿಯಿಲ್ಲದೆ ‘ಸ್ಪಿಯರ್‌ಹೆಡ್ ಫ್ರಂ ಸ್ಪೇಸ್’ನ ನಾಲ್ಕೂ ಕಂತುಗಳನ್ನು ಪೂರ್ತಿ 16 ಎಂಎಂ ಫಿಲಂನಲ್ಲಿ, ಹೊರಗಿನ ಕಟ್ಟಡಗಳಲ್ಲಿ ತೆಗೆದರು. ಅದೇ ತಂಡ, ಅದೇ ಜುಜುಬಿ ಬಜೆಟ್ಟು. ಅಂಗಡಿಯ ಕಿಟಕಿಯಲ್ಲಿ ನಿಂತ ಬಟ್ಟೆ ತೊಡಿಸಿದ ಪ್ಲಾಸ್ಟಿಕ್ ಗೊಂಬೆಗಳು ಜೀವ ಬಂದು ಬೀದಿಗಿಳಿಯುವ ದೃಶ್ಯವನ್ನು ಇಂದು ನೋಡಿದರೂ ಯಾರೂ ಗೋಡೆಯ ಮಾತೆತ್ತುವುದಿಲ್ಲ. ಆ ಕಾಲದ ಕಥೆಗಳಲ್ಲಿ ಹೈ ಡೆಫಿನಿಷನ್ ಡಿಸ್ಕಿಗೆ ಯೋಗ್ಯವಾಗಿ ಉಳಿದದ್ದೂ ಅದೊಂದೇ, ಟೇಪಿನಲ್ಲಿ ಇಲ್ಲದ ಸೂಕ್ಷ್ಮ ಫಿಲಂನಲ್ಲಿತ್ತು. ಮುಷ್ಕರ ಮುಗಿಯಿತು, ಮುಂದಿನ ಕಥೆಗೆ ಮತ್ತೆ ಟೇಪು, ಮತ್ತೆ ಕಲ್ಯಾಣಮಂಟಪದ ಲೈಟು.

ಇನ್ನು ದುಡ್ಡು. 1963ರಲ್ಲಿ ‘ಡಾಕ್ಟರ್ ಹೂ’ನ 25 ನಿಮಿಷದ ಕಂತಿಗೆ ಸುಮಾರು 2,300 ಪೌಂಡು, ‘ಸ್ಟಾರ್ ಟ್ರೆಕ್’ನ ಮೊದಲ ಸೀಸನ್ನಿನಲ್ಲಿ ಕಂತಿಗೆ ಸುಮಾರು 1,90,000 ಡಾಲರು. ಪೌಂಡು ಆಗ ಡಾಲರಿನ ಎರಡೂಮುಕ್ಕಾಲು ಪಾಲು ಬಾಳುತ್ತಿತ್ತು, ಅಮೆರಿಕದ ಕಂತು ಇಮ್ಮಡಿ ಉದ್ದದ್ದು ಎಂದು ಎಷ್ಟು ರಿಯಾಯಿತಿ ಕೊಟ್ಟರೂ ಆನೆಗೂ ಆಡಿಗೂ ಇರುವ ಅಂತರ. ತಮಾಷೆ ಎಂದರೆ ಆನೆಯ ಮನೆಯಲ್ಲೂ ಹಾಸಿಗೆ ಗಿಡ್ಡವೇ. ವಾರಕ್ಕೊಂದು ಗ್ರಹದ ಮೇಲೆ ಹಡಗು ಇಳಿಸುವ ದೃಶ್ಯಕ್ಕೆ ದುಡ್ಡು ಸಾಲದೆ ಹುಟ್ಟಿದ್ದು, ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಯಂತ್ರವಾದ ಟ್ರಾನ್ಸ್‌ಪೋರ್ಟರ್: ಗಟ್ಟಿ ಬೆಳಕಿನಲ್ಲಿ ಅಲ್ಯೂಮಿನಿಯಂ ಪುಡಿ ಉದುರಿಸಿ ಚಿತ್ರ ತೆಗೆದು, ಅದನ್ನು ನಟನ ಆಕಾರದೊಳಗೆ ಕೂರಿಸಿ, ಇವನು ಕರಗಿಹೋದ ಎಂದರು. ಲಂಡನ್ನಿನಲ್ಲಿ, ಹೋದಲ್ಲೆಲ್ಲ ವೇಷ ಬದಲಿಸಬೇಕಾದ ಡಾಕ್ಟರನ ಕಾಲಯಂತ್ರಕ್ಕೆ ಪ್ರತಿ ಕಥೆಗೂ ಹೊಸ ಡಬ್ಬ ಮಾಡಿಸಲಾಗದೆ, ವೇಷ ಬದಲಿಸುವ ಭಾಗ ಕೆಟ್ಟಿದೆ ಎಂದು ಕಥೆಯಲ್ಲೇ ಹೇಳಿ ರಸ್ತೆಬದಿಯ ಪೊಲೀಸ್ ಫೋನ್ ಗೂಡಿನ ಆಕಾರದ ನೀಲಿ ಪೆಟ್ಟಿಗೆಯನ್ನೇ ಉಳಿಸಿಕೊಂಡರು. ಎರಡೂ ದೇಶದವರು ತಮ್ಮ ಕಲ್ಪನೆಯ ಶಿಖರ ಎಂದು ಎದೆಯುಬ್ಬಿಸಿ ತೋರಿಸುವ ವಸ್ತು ಅಕೌಂಟೆಂಟನ ಕೆಂಪು ಗೆರೆಯಿಂದ ಹುಟ್ಟಿದ್ದು.

ಅಡುಗೆಮನೆಗೆ ಬಂದರೆ ಇವರಿಬ್ಬರೂ ಇನ್ನೂ ಹತ್ತಿರದ ನೆಂಟರು. ‘ಸ್ಟಾರ್ ಟ್ರೆಕ್’ನಲ್ಲಿ ಮೊದಲು ಪ್ರಸಾರವಾದ ಕಂತಿನ ರಾಕ್ಷಸಿಗೆ ಉಪ್ಪಿನ ಹಸಿವು. ಮುಂದಿನ ಶತಮಾನಗಳ ಉಪ್ಪಿನ ಡಬ್ಬಿ ಹೇಗಿರಬೇಕೆಂದು ವಿಚಿತ್ರ ಆಕಾರದವನ್ನೆಲ್ಲ ಕೊಂಡು ತಂದರು. ಆಮೇಲೆ ಹೊಳೆಯಿತು: ಇದು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ಗೊತ್ತಾಗದಿದ್ದರೆ ಕಥೆಯೇ ಅರ್ಥವಾಗುವುದಿಲ್ಲ! ಕೊನೆಗೆ ಪರದೆಯ ಮೇಲೆ ಸಾದಾ ಡಬ್ಬಿ ಬಂತು, ತಂದ ವಿಚಿತ್ರ ಡಬ್ಬಿಗಳು ಹಡಗಿನ ವೈದ್ಯ ಡಾಕ್ಟರ್ ಮೆಕಾಯ್‌ನ ಕೈಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳಾದವು. ಇತ್ತ ಲಂಡನ್ನಿನಲ್ಲಿ ರೇಮಂಡ್ ಕ್ಯೂಸಿಕ್ ಎಂಬ ಬಿಬಿಸಿ ವಿನ್ಯಾಸಕಾರ ‘ಡಾಕ್ಟರ್ ಹೂ’ನ ಕವಚಧಾರಿ ಖಳ ಡಾಲೆಕ್ ಹೇಗೆ ಕಾಲಿಲ್ಲದೆ ಜಾರಬೇಕು ಎಂದು ತೋರಿಸಲು ಊಟದ ಮೇಜಿನ ಮೆಣಸಿನಪುಡಿ ಡಬ್ಬಿಯನ್ನು ಸರಿಸಿ ತೋರಿಸಿದ. ಮೆಣಸಿನ ಡಬ್ಬಿ ನೋಡಿಯೇ ಡಾಲೆಕ್ ಮಾಡಿದ ಎಂಬ ಕಥೆ ಹಬ್ಬಿದ್ದು ಆಮೇಲೆ. ನಿಜಕ್ಕೂ ಅಳತೆ ಹಿಡಿದದ್ದು ಕುರ್ಚಿಯ ಮೇಲೆ ಕೂತ ಮನುಷ್ಯನದು, ಅವನ ಸುತ್ತ ಕವಚ, ಕೆಳಗೆ ಗಾಲಿ, ಒಂದು ಕೈಗೆ ಸಿಂಕು ಕಟ್ಟಿದಾಗ ಒತ್ತುವ ರಬ್ಬರ್ ಪ್ಲಂಜರು. ಮೊದಲ ಕಥೆಗೆ ಮಾಡಿಸಿದ್ದು ನಾಲ್ಕೇ ಡಾಲೆಕ್; ಹಿಂದೆ ಸಾಲಾಗಿ ನಿಂತ ಉಳಿದ ಸೈನ್ಯ ಎಂದರೆ ಆಳೆತ್ತರದ ಫೋಟೊಗಳು. ಡಾಲೆಕ್‌ಗಳ ಕಥೆ ಬರೆದ ಟೆರಿ ನೇಶನ್ ಹೊರಗಿನವನು, ಕರಾರಿನಲ್ಲಿ ಹಕ್ಕಿನ ಪಾಲಿತ್ತು, ಆಟಿಕೆ ಮಾರಾಟದಿಂದ ಶ್ರೀಮಂತನಾದ. ಆಕಾರ ಕೊಟ್ಟ ಕ್ಯೂಸಿಕ್ ಸಂಬಳದ ನೌಕರ, ಅವನಿಗೆ ಸಿಕ್ಕಿದ್ದು ಒಂದು ಸಣ್ಣ ಇನಾಮು. ನಮ್ಮ ನಾಲ್ವರು ಇಡೀ ಸಂಜೆ ವಾದಿಸಿದರೂ ಈ ಮಾತು ಬರುವುದಿಲ್ಲ.

ಅನ್ಯಗ್ರಹಗಳ ಬಗ್ಗೆ ಒಂದು ಮಾತು. ಬ್ರಿಟಿಷ್ ಗ್ರಹ ಎಂದರೆ ಜಲ್ಲಿ ಅಥವಾ ಕಲ್ಲಿನ ಕ್ವಾರಿ: ಲೈಟು ಕಂಬ ಕಾಣುವುದಿಲ್ಲ, ಹುಲ್ಲಿಲ್ಲ, ಸ್ಫೋಟ ಮಾಡಿದರೆ ಬಯ್ಯುವವರಿಲ್ಲ. ಇಂಗ್ಲೆಂಡಿನ ಡಾರ್ಸೆಟ್ಟಿನ ವಿನ್‌ಸ್ಪಿಟ್ ಕ್ವಾರಿ ‘ಡಾಕ್ಟರ್ ಹೂ’ಗೂ ‘ಬ್ಲೇಕ್ಸ್ ಸೆವೆನ್’ ಎಂಬ ಇನ್ನೊಂದು ಬ್ರಿಟಿಷ್ ಧಾರಾವಾಹಿಗೂ ಗ್ರಹವಾಗಿ ದುಡಿದಿದೆ. ಅಮೆರಿಕದ ಗ್ರಹ ಎಂದರೆ ಲಾಸ್ ಏಂಜಲೀಸ್ ಹತ್ತಿರದ ವಾಸ್ಕೆಸ್ ಬಂಡೆಗಳು, ಓರೆಯಾಗಿ ಎದ್ದ ಅದೇ ಕಲ್ಲಿನ ಕೊಂಬು. ಮುಂದೆ ಚಿತ್ರೀಕರಣ ಕೆನಡಾದ ವ್ಯಾಂಕೂವರಿಗೆ ಹೋದ ಮೇಲೆ ‘ಸ್ಟಾರ್‌ಗೇಟ್’ನವರು ಹತ್ತು ವರ್ಷ ಯಾವ ನಕ್ಷತ್ರಕ್ಕೆ ಹೋದರೂ ಪೈನ್ ಮರ. ವಿಶ್ವ ಅನಂತ, ಆದರೆ ಸಂಜೆಯೊಳಗೆ ವ್ಯಾನು ವಾಪಸು ಬರಬೇಕು.

ಫೋಟೊ, ಬೆಳಕು, ಬಂಡೆ ಎಲ್ಲ ಬಿಟ್ಟು ಕಥೆಗೇ ಬಂದರೂ ಅಲ್ಲಿ ಕೂತಿರುವುದು ಮತ್ತೆ ಲೆಕ್ಕವೇ. ಅಮೆರಿಕದ ಹಳೆಯ ಪದ್ಧತಿಯಲ್ಲಿ ನಿಜವಾದ ಲಾಭ ಮರುಪ್ರಸಾರದ ಮಾರಾಟದಲ್ಲಿ, ಅದಕ್ಕೆ ನೂರರ ಹತ್ತಿರ ಕಂತು ಕೈಯಲ್ಲಿರಬೇಕು. ಸ್ಥಳೀಯ ಚಾನೆಲ್ಲುಗಳು ಅವನ್ನು ಯಾವ ಕ್ರಮದಲ್ಲಿ ಹಾಕಿದರೂ ನಡೆಯಬೇಕು. ಆದ್ದರಿಂದ ಕಂತಿನ ಕೊನೆಗೆ ಎಲ್ಲ ಮೊದಲಿನ ಜಾಗಕ್ಕೆ ಮರಳಬೇಕು: ಸತ್ತವನು ಹೊಸಬ, ಪ್ರೀತಿಸಿದವಳು ಮುಂದಿನ ವಾರ ಇಲ್ಲ, ಹಡಗಿನ ಗೀರು ಮಾಯ. ಮಧ್ಯೆ ಜಾಹೀರಾತು. ‘ಸ್ಟಾರ್ ಟ್ರೆಕ್’ನ ಕಂತು ಎಂದರೆ ಆರಂಭದ ಒಂದು ತುಣುಕು, ಆಮೇಲೆ ನಾಲ್ಕು ಅಂಕ, ಪ್ರತಿ ಅಂಕದ ಕೊನೆಗೆ ಸಂಗೀತ ಏರಬೇಕು, ಮುಖ ಹತ್ತಿರ ಬರಬೇಕು, ಪರದೆ ಕಪ್ಪಾಗಬೇಕು. ಜಾಹೀರಾತಿಲ್ಲದೆ ನೋಡುವವರಿಗೆ ಇದು ಮಜವಾಗಿ ಕಾಣುತ್ತದೆ: ಕ್ಯಾಪ್ಟನ್ ಕರ್ಕ್ ಬೆಚ್ಚಿ ನೋಡುತ್ತಾನೆ, ಕತ್ತಲಾಗುತ್ತದೆ, ಮತ್ತೆ ಬೆಳಕಾದಾಗ ಇನ್ನೂ ಅಲ್ಲೇ ಬೆಚ್ಚಿ ನೋಡುತ್ತಿರುತ್ತಾನೆ.

ಬ್ರಿಟನ್ನಿನವರಿಗೆ ನೂರರ ಹಂಗಿಲ್ಲ. ಒಬ್ಬರೋ ಇಬ್ಬರೋ ಕೂತು ಬರೆಯುತ್ತಾರೆ. ‘ರೆಡ್ ಡ್ವಾರ್ಫ್’ನ ಮೊದಲ ಆರು ಸರಣಿ, ಸರಣಿಗೆ ಆರರಂತೆ 36 ಕಂತು, ಇಬ್ಬರದೇ ಕೆಲಸ. ಸಾಕೆನಿಸಿದರೆ ಮುಗಿಸುವ ಧೈರ್ಯವೂ ಉಂಟು. ‘ಬ್ಲೇಕ್ಸ್ ಸೆವೆನ್’ 52 ಕಂತಿಗೆ ಮುಗಿದದ್ದು 1981ರ ಡಿಸೆಂಬರ್ 21ರಂದು, ಕ್ರಿಸ್ಮಸ್ ವಾರದಲ್ಲಿ. ನಾಯಕನನ್ನು ಅವನ ಸಂಗಾತಿಯೇ ಗುಂಡಿಟ್ಟು ಕೊಲ್ಲುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಹಬ್ಬದ ಮನೆಯಲ್ಲಿ ಮಕ್ಕಳಿಗೆ ತೋರಿಸುವಂಥದ್ದಲ್ಲ ಬಿಡಿ, ಆದರೆ ಕಥೆಗೆ ತಕ್ಕ ಕೊನೆ. ನನ್ನ ಓಟು ಕೇಳಿದರೆ ಈ ಒಂದು ವಿಷಯದಲ್ಲಿ ಬ್ರಿಟನ್ನಿಗೇ: ಮುಗಿಸಲು ಬಿಟ್ಟರೆ ಕಥೆಗೆ ಬೆನ್ನೆಲುಬು ಬರುತ್ತದೆ. ಅಮೆರಿಕದಲ್ಲಿ ಮುಗಿಸುವುದು ಬರಹಗಾರನ ಕೈಯಲ್ಲಿರುತ್ತಿದ್ದದ್ದು ಅಪರೂಪ. 2002ರ ‘ಫೈರ್‌ಫ್ಲೈ’ಯ ಮೊದಲ ಕಂತನ್ನು ಚಾನೆಲ್ಲಿನವರು ಎಲ್ಲಕ್ಕಿಂತ ಕೊನೆಗೆ ಪ್ರಸಾರ ಮಾಡಿದರು, ಮಾಡಿದ 14ರಲ್ಲಿ ತೋರಿಸಿದ್ದು 11.

ಹಾಗೆಂದು ಜೊಳ್ಳು ತುಂಬುವುದರಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. 1969ರಲ್ಲಿ ಬೇರೆ ಸ್ಕ್ರಿಪ್ಟುಗಳು ಕೈಕೊಟ್ಟಾಗ ‘ಡಾಕ್ಟರ್ ಹೂ’ನವರು ‘ದಿ ವಾರ್ ಗೇಮ್ಸ್’ ಎಂಬ ಒಂದೇ ಕಥೆಯನ್ನು ಹತ್ತು ಕಂತಿಗೆ ಎಳೆದರು. ಡಾಕ್ಟರ್ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಕಾರಿಡಾರಿನಲ್ಲಿ ಓಡುತ್ತಾನೆ, ಮತ್ತೆ ಸಿಕ್ಕಿಬೀಳುತ್ತಾನೆ. ಕಾರಿಡಾರು ಒಂದೇ, ಓಡುವ ದಿಕ್ಕು ಬೇರೆ. ಹತ್ತನೇ ಕಂತು ಬಲು ಚೆನ್ನ ಎನ್ನುವುದು ನಿಜ, ಅಲ್ಲಿಗೆ ಮುಟ್ಟುವ ತಾಳ್ಮೆ ಬೇಕು. ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1989ರಲ್ಲಿ, ಬರಹಗಾರರ ಮುಷ್ಕರದಿಂದ ಮೊಟಕಾದ, ‘ಸ್ಟಾರ್ ಟ್ರೆಕ್’ನ ಮುಂದಿನ ಧಾರಾವಾಹಿ ‘ನೆಕ್ಸ್ಟ್ ಜನರೇಶನ್’ನ ಎರಡನೇ ಸೀಸನ್ನನ್ನು ಅಮೆರಿಕದವರು ಮುಗಿಸಿದ ರೀತಿ ನೋಡಿ: ಕಮಾಂಡರ್ ರೈಕರ್‌ನನ್ನು ಪ್ರಜ್ಞೆ ತಪ್ಪಿಸಿ ಮಲಗಿಸಿ, ಅವನ ನೆನಪು ಎಂಬ ನೆಪದಲ್ಲಿ ಹಳೇ ಕಂತುಗಳ ತುಣುಕು ಜೋಡಿಸಿದರು. ಮೂರು ದಿನದಲ್ಲಿ ಚಿತ್ರೀಕರಣ ಮುಗಿಯಿತು. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿದರೆ ಚಿತ್ರಾನ್ನವಾದರೂ ಆಗುತ್ತದೆ. ಇದರಲ್ಲಿ ಒಗ್ಗರಣೆಯೂ ಇರಲಿಲ್ಲ. ನೂರು ಕಂತು ದಾಟುವುದು, ಕಥೆಯನ್ನು ತಾನೇ ಮುಗಿಸುವುದು ಎಂಬ ಎರಡು ಕಟ್ಟುಗಳನ್ನೂ ಒಟ್ಟಿಗೆ ಗೆದ್ದದ್ದು ಅಮೆರಿಕದ ‘ಬ್ಯಾಬಿಲಾನ್ 5’ ಒಂದೇ ಇರಬೇಕು. ಮೈಕಲ್ ಸ್ಟ್ರಜಿನ್ಸ್ಕಿ ಐದು ವರ್ಷಕ್ಕೆ ಒಂದೇ ಕಾದಂಬರಿಯಂತೆ ಕಥೆ ಹಾಕಿಕೊಂಡು, 110 ಕಂತುಗಳಲ್ಲಿ 92ನ್ನು ತಾನೇ ಬರೆದ. ನಟರು ಬಿಟ್ಟುಹೋದರೆ ಕಥೆ ಕೆಡಬಾರದೆಂದು ಪ್ರತಿ ಪಾತ್ರಕ್ಕೂ ಒಂದು ಹಿತ್ತಿಲ ಬಾಗಿಲು ಮೊದಲೇ ಯೋಚಿಸಿ ಇಟ್ಟಿದ್ದ. ಒಂದು ವರ್ಷಕ್ಕೇ ನಾಯಕ ಬದಲಾದಾಗ ಆ ಬಾಗಿಲು ಉಪಯೋಗಕ್ಕೆ ಬಂತು.

ಉಳಿದದ್ದು, ಅಳಿದದ್ದು ಎಂಬ ಲೆಕ್ಕವೂ ಉಂಟು. 1953ರ ‘ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಬಿಬಿಸಿಯಿಂದ ನೇರ ಪ್ರಸಾರವಾದ ಆರು ಕಂತು. ಪರದೆಯ ಚಿತ್ರವನ್ನೇ ಫಿಲಂಗೆ ಇಳಿಸಿ ಕಾದಿಟ್ಟದ್ದು ಮೊದಲ ಎರಡನ್ನು ಮಾತ್ರ. ಎರಡನೆಯದರಲ್ಲಿ ಒಂದು ಹುಳ ಪರದೆಯ ಮೇಲೆ ಬಂದು ಕೂತಿದೆ, ಇಂದಿಗೂ ಕೂತೇ ಇದೆ. 1960ರ ದಶಕದ ಎರಡಿಂಚಿನ ವಿಡಿಯೊ ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದು. ಮರುಪ್ರಸಾರಕ್ಕೆ ಕಲಾವಿದರ ಒಪ್ಪಂದ ಅಡ್ಡ, ಬಣ್ಣ ಬಂದ ಮೇಲೆ ಕಪ್ಪುಬಿಳುಪಿಗೆ ಗಿರಾಕಿ ಇಲ್ಲ. ಅಳಿಸಿಬಿಟ್ಟರು. ‘ಡಾಕ್ಟರ್ ಹೂ’ನ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಹೋದವು. ಸಿಕ್ಕಿದ್ದರಲ್ಲಿ ಕೆಲವು ಹೊರದೇಶಕ್ಕೆ ಮಾರಿದ ಫಿಲಂ ಪ್ರತಿಗಳಿಂದ: 1992ರಲ್ಲಿ ಹಾಂಗ್‌ಕಾಂಗಿನಿಂದ ನಾಲ್ಕು, 2013ರಲ್ಲಿ ನೈಜೀರಿಯಾದಿಂದ ಒಂಬತ್ತು. ಫಿಲಂ ಇದ್ದ ಅಮೆರಿಕ ಈ ವಿಷಯದಲ್ಲಿ ಗೆದ್ದಿತು ಎಂದುಕೊಂಡರೆ, 1987ರಲ್ಲಿ ಅವರೂ ಜಾರಿದರು. ‘ನೆಕ್ಸ್ಟ್ ಜನರೇಶನ್’ ಫಿಲಂನಲ್ಲೇ ತೆಗೆದದ್ದು, ಆದರೆ ಎಡಿಟಿಂಗು, ಗ್ರಾಫಿಕ್ಸು ಮಾಡಿದ್ದು ವಿಡಿಯೊ ಟೇಪಿನಲ್ಲಿ. ಬ್ಲೂ-ರೇ ಕಾಲ ಬಂದಾಗ ಮಸುಕು ಟೇಪು ಬಿಟ್ಟು ಮೂಲ ನೆಗೆಟಿವ್ ಹುಡುಕಿ, 178 ಕಂತುಗಳನ್ನು ಮೊದಲಿನಿಂದ ಮತ್ತೆ ಜೋಡಿಸಬೇಕಾಯಿತು.

ಇಷ್ಟಕ್ಕೂ ಎರಡು ಪಕ್ಷ ಎನ್ನುವುದೇ ಈಗ ಬಿಗಿಯಾಗಿ ನಿಲ್ಲುವುದಿಲ್ಲ, ಮೊದಲೂ ನಿಂತಿರಲಿಲ್ಲ. ‘ಡಾಕ್ಟರ್ ಹೂ’ ಹುಟ್ಟಿಸಿದ ಸಿಡ್ನಿ ನ್ಯೂಮನ್ ಕೆನಡಾದವನು, ಮೊದಲ ಕಥೆ ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವನು. 1969ರ ಬೇಸಗೆಯಲ್ಲಿ ‘ದಿ ವಾರ್ ಗೇಮ್ಸ್’ ಮುಗಿದು ಖಾಲಿಯಾದ ಶನಿವಾರದ ಸಂಜೆಗೆ ಬಿಬಿಸಿ ತಂದು ಕೂರಿಸಿದ್ದು ‘ಸ್ಟಾರ್ ಟ್ರೆಕ್’ನ್ನು. 2004ರ ಹೊಸ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕ’ದ ಮೊದಲ ಸೀಸನ್ನಿಗೆ ಬ್ರಿಟನ್ನಿನ ಸ್ಕೈ ಚಾನೆಲ್ ದುಡ್ಡು ಹಾಕಿತ್ತು, ಅಮೆರಿಕಕ್ಕಿಂತ ಮೊದಲು ಅಲ್ಲೇ ಪ್ರಸಾರವಾಯಿತು. ‘ಬ್ಲ್ಯಾಕ್ ಮಿರರ್’ ಚಾನೆಲ್ 4ರಿಂದ ನೆಟ್‌ಫ್ಲಿಕ್ಸಿಗೆ ಹೋಯಿತು. ಅಮೆರಿಕದವರು ಸೀಸನ್ನಿಗೆ 26 ಬಿಟ್ಟು ಎಂಟೋ ಹತ್ತೋ ಕಂತಿಗೆ ಇಳಿದಿದ್ದಾರೆ. ‘ಡಾಕ್ಟರ್ ಹೂ’ 2024ರಲ್ಲಿ ಡಿಸ್ನಿಯ ದುಡ್ಡಿನಲ್ಲಿ ಎಂಟು ಕಂತಿಗೆ ಹೊಳೆಯಿತು.

ಮನೆಯಲ್ಲಿ ಹಳೆಯ ಕಂತು ಹಾಕಿಕೊಂಡು ವಾದ ಮುಂದುವರಿಸುವವರು ಒಂದು ಕೆಲಸ ಮಾಡಬೇಕು. ಹೊಸ ಟಿವಿಗಳು ಎರಡು ಚೌಕಟ್ಟಿನ ನಡುವೆ ಇಲ್ಲದ ಚೌಕಟ್ಟುಗಳನ್ನು ತಾವೇ ಹುಟ್ಟಿಸಿ ತುರುಕುತ್ತವೆ. ಸೆಟ್ಟಿಂಗ್ಸಿಗೆ ಹೋಗಿ, ಪಿಕ್ಚರ್ ಎಂಬಲ್ಲಿ ಹುಡುಕಿದರೆ ಸ್ಯಾಮ್‌ಸಂಗಿನಲ್ಲಿ ‘ಪಿಕ್ಚರ್ ಕ್ಲಾರಿಟಿ’ (ಹಿಂದಿನವುಗಳಲ್ಲಿ ‘ಆಟೊ ಮೋಷನ್ ಪ್ಲಸ್’), ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’ ಎಂದು ಸಿಗುತ್ತದೆ. ಕ್ರಿಕೆಟ್ಟಿಗೆ ಅದು ಇರಲಿ. ಫಿಲಂನಲ್ಲಿ ತೆಗೆದದ್ದನ್ನು ನೋಡುವಾಗ ಆಫ್ ಮಾಡಿ, ಅಥವಾ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಒತ್ತಿ. ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅದನ್ನು ಪೂರ್ತಿ ಏರಿಸಿ ‘ಸ್ಟಾರ್ ಟ್ರೆಕ್’ನ ಒಂದು ಕಂತು ಹಾಕಿ ನೋಡಿ. 35 ಎಂಎಂ ಫಿಲಂ, ಆರು ದಿನದ ಚಿತ್ರೀಕರಣ, 1,90,000 ಡಾಲರು ಎಲ್ಲ ಒಂದೇ ಏಟಿಗೆ ಮಾಯ. ಕ್ಯಾಪ್ಟನ್ ಕರ್ಕ್ ಲಂಡನ್ನಿನ ಯಾವುದೋ ಸ್ಟುಡಿಯೊದಲ್ಲಿ, ರಾತ್ರಿ ಒಂಬತ್ತೂಮುಕ್ಕಾಲಿಗೆ, ಲೈಟು ಆರುವುದರೊಳಗೆ ಮಾತು ಮುಗಿಸಲು ಅವಸರಪಡುತ್ತಿರುವಂತೆ ಕಾಣುತ್ತಾನೆ.